ಹೊರಗೆ ಹಾಕುವ ಮಾತು

2015ರ ಜೂನ್ 26, ರಮಝಾನ್ ತಿಂಗಳ ಶುಕ್ರವಾರ. ಕುವೈತ್ ನಗರದ ಇಮಾಮ್ ಸಾದಿಕ್ ಮಸೀದಿಯಲ್ಲಿ ಜುಮಾ ನಮಾಝಿಗೆ ಸೇರಿದ್ದವರ ನಡುವೆ, ಸೌದಿಯಿಂದ ಬಂದಿದ್ದ ಯುವಕನೊಬ್ಬ ಮೈಗೆ ಕಟ್ಟಿಕೊಂಡಿದ್ದ ಬಾಂಬು ಸಿಡಿಸಿದ. 27 ಮಂದಿ ಸತ್ತರು. ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಇಬ್ಬರು ಭಾರತೀಯರೂ ಇದ್ದರು. ಐಸಿಸ್ ಇದರ ಹೊಣೆ ಹೊತ್ತಿತು. ಅದರ ಕಣ್ಣಿಗೆ ಅಲ್ಲಿದ್ದವರ ಅಪರಾಧ ಒಂದೇ, ಅವರು ಶಿಯಾಗಳು.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಸುನ್ನಿಗಳು ಒಂದು ಮಾತು ಹೇಳುತ್ತೇವೆ: ‘ಇದನ್ನು ಮಾಡಿದವರು ಮುಸ್ಲಿಮರೇ ಅಲ್ಲ.’ ಹೇಳಿ ಕೈತೊಳೆದುಕೊಳ್ಳುತ್ತೇವೆ. ಆದರೆ ಕೊಂದವನೂ ಸತ್ತವರ ಬಗ್ಗೆ ಇದೇ ಮಾತನ್ನಲ್ಲವೇ ಕಲಿತು ಬಂದದ್ದು? ಅವರು ಮುಸ್ಲಿಮರೇ ಅಲ್ಲ ಎಂದು ಯಾರೋ ಅವನಿಗೆ ಹೇಳಿಕೊಟ್ಟ ಮೇಲೆಯೇ ಬಾಂಬು ಬಂದದ್ದು. ದೀನಿನಿಂದ ಹೊರಗೆ ಹಾಕುವ ಅಧಿಕಾರ ಅವನಿಗೆ ಇಲ್ಲವೆಂದಾದರೆ ನಮಗೆಲ್ಲಿಂದ ಬಂತು?

ನಮ್ಮ ಊರುಗಳಲ್ಲಿ ಬಾಂಬು ಸಿಡಿದಿಲ್ಲ, ನಿಜ. ಆದರೆ ರಾತ್ರಿಯ ಮತಪ್ರವಚನಗಳಲ್ಲಿ ಮೈಕಿನ ಮುಂದೆ ನಿಂತು, ಶಿಯಾಗಳು ಕಾಫಿರರು, ಇಂಥವರ ಹಿಂದೆ ನಮಾಝ್ ಆಗದು, ಅಂಥವರಿಗೆ ಸಲಾಂ ಹೇಳಕೂಡದು ಎಂದು ಅರಚಿದವರನ್ನು ನಾವು ಕೇಳಿಲ್ಲವೇ? ಕೇಳಿ, ಚಹಾ ಕುಡಿದು ಮನೆಗೆ ಬಂದಿದ್ದೇವೆ. ಅಂಥವರನ್ನು ಕರೆಸಲು ಚಂದಾ ಎತ್ತಿದವರೂ ನಾವೇ. ದೇವಬಂದಿ, ಬರೇಲ್ವಿ, ಸಲಫಿ ಎಂದು ಒಬ್ಬರನ್ನೊಬ್ಬರು ಹೊರದಬ್ಬುವ ಕಸುಬು ನಮಗೆ ಹೊಸದೇನಲ್ಲ.

ಕುವೈತಿನ ಅಮೀರ್ ಶೇಖ್ ಸಬಾಹ್, ಸುನ್ನಿ ಮನೆತನದವರು, ಸ್ಫೋಟವಾದ ಕೆಲವೇ ಹೊತ್ತಿನಲ್ಲಿ ಆ ಮಸೀದಿಗೆ ಬಂದರು. ಭದ್ರತೆಯವರ ಆತಂಕಕ್ಕೆ ಕಿವಿಗೊಡದೆ ‘ಇವರು ನನ್ನ ಮಕ್ಕಳು’ ಎಂದರು. ಸತ್ತವರಿಗಾಗಿ ಸಂತಾಪ ಸ್ವೀಕರಿಸಿದ್ದು ಸರಕಾರದ ದೊಡ್ಡ ಮಸೀದಿಯಲ್ಲಿ. ಮುಂದಿನ ಶುಕ್ರವಾರ ಶಿಯಾಗಳೂ ಸುನ್ನಿಗಳೂ ಅಲ್ಲಿಯೇ ಒಟ್ಟಿಗೆ ನಮಾಝ್ ಮಾಡಿದರು. ನಾವು ರಾಜರನ್ನು ಹೊಗಳುವವರಲ್ಲ. ಆದರೂ ಆ ದಿನ ಅವರಿಗೆ ಹೊಳೆದದ್ದು ನಮ್ಮ ಎಷ್ಟು ಮೌಲವಿಗಳಿಗೆ ಹೊಳೆಯಿತು?

ಅದೇ ಸರಕಾರ ತಿಂಗಳು ಕಳೆಯುವುದರೊಳಗೆ ದೇಶದಲ್ಲಿರುವ ಎಲ್ಲರ ಡಿಎನ್ಎ ಸಂಗ್ರಹಿಸುವ ಕಾನೂನು ತಂದಿತು. ನಮ್ಮ ಕರಾವಳಿಯಿಂದ ದುಡಿಯಲು ಹೋದವರೂ ಅದರೊಳಗೆ ಬರುತ್ತಿದ್ದರು. 2017ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. 2023ರ ಜುಲೈನಲ್ಲಿ ಈ ಪ್ರಕರಣದ ಅಪರಾಧಿಯೊಬ್ಬನನ್ನು ಗಲ್ಲಿಗೇರಿಸಿದರು.

ರಕ್ತದ ಲೆಕ್ಕ ಸರಕಾರಗಳು ಇಡಲಿ. ಮುಂದಿನ ಉಪನ್ಯಾಸಕ್ಕೆ ಯಾರನ್ನು ಕರೆಸುತ್ತೀರಿ, ಅವರು ಕಳೆದ ಸಲ ಶಿಯಾಗಳ ಬಗ್ಗೆ ಏನು ಹೇಳಿದ್ದರು ಎಂದು ನಮ್ಮ ಜಮಾಅತಿನ ಅಧ್ಯಕ್ಷರನ್ನು ನಾವು ಕೇಳಬೇಕು. ಈ ಶುಕ್ರವಾರವೇ, ಚಪ್ಪಲಿ ಮೆಟ್ಟುವ ಮೊದಲು.