ಅಜ್ಜನ ಟ್ರ್ಯಾಕ್ಟರ್‌ಗೆ ಹೊಸ ಬಣ್ಣ ಬಂತು, ಹೊಲಕ್ಕಿಳಿಸಬಹುದೇ?

ಈ ಬಗೆಯ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಬಣವೆಯ ಮಗ್ಗುಲಲ್ಲಿ ತುಕ್ಕು ಹಿಡಿದು ನಿಂತ ಹಳೇ ಟ್ರ್ಯಾಕ್ಟರ್. ಹುಡುಗರು ಅದನ್ನು ಬಿಚ್ಚುತ್ತಾರೆ, ತೊಳೆಯುತ್ತಾರೆ, ಎಂಜಿನ್ ಮಾಡಿಸುತ್ತಾರೆ, ಕೆಂಪು ಬಣ್ಣ ಬಳಿದು ಹೂವಿನ ಹಾರ ಹಾಕುತ್ತಾರೆ. ಕೊನೆಯಲ್ಲಿ ಅದು ಕಬ್ಬು ತುಂಬಿದ ಟ್ರಾಲಿಯನ್ನು ಎಳೆಯುತ್ತ ಮುಂದಿನ ಗಾಲಿಗಳನ್ನು ನೆಲದಿಂದ ಒಂದು ಅಡಿ ಮೇಲೆತ್ತುತ್ತದೆ. ಸುತ್ತ ಶಿಳ್ಳೆ, ಚಪ್ಪಾಳೆ. ಜೊತೆಗೊಂದು ಬರಹ: ಹಳೇದು ಕಬ್ಬಿಣ, ಈಗಿನದು ತಗಡು, ಎಲ್ಲ ರೈತರಿಗೂ ಕಳಿಸಿ.

ಮೊದಲೇ ಹೇಳಿಬಿಡುತ್ತೇವೆ, ಹಳೇ ಟ್ರ್ಯಾಕ್ಟರ್ ರಿಪೇರಿ ಮಾಡಿಸುವುದು ಒಳ್ಳೆಯ ಕೆಲಸ. ಆ ಯಂತ್ರಗಳು ಗಟ್ಟಿ ಎಂಬುದೂ ಸುಳ್ಳಲ್ಲ. ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ತಲುಪಿದ್ದು ಫರ್ಗುಸನ್ ಟ್ರ್ಯಾಕ್ಟರ್‌ಗಳ ಮೇಲೆ. ಹೊಲ ಉಳಲೆಂದು ಮಾಡಿದ ಆ ಚಿಕ್ಕ ಯಂತ್ರಗಳಿಗೆ ಪಟ್ಟಿ ಗಾಲಿ ಸುತ್ತಿ ಹಿಮದ ಮೇಲೆ ಓಡಿಸಿದ್ದರು. ನಮ್ಮಲ್ಲೂ 1959ರಲ್ಲಿ ಫರೀದಾಬಾದಿನಿಂದ ಐಷರ್ ಬಂತು. 1960ರ ದಶಕದಲ್ಲಿ ಮಹೀಂದ್ರಾದ ಬಿ-275 ಮತ್ತು ಚೆನ್ನೈ ಟಾಫೆಯ ಮ್ಯಾಸಿ ಫರ್ಗುಸನ್ ಬಂದವು. 1970ರ ದಶಕದಲ್ಲಿ ಪಿಂಜೋರಿನಿಂದ ಎಚ್‌ಎಂಟಿ ಜೀಟರ್ ಬಂತು. ಇವುಗಳಲ್ಲಿ ಕೆಲವು ಇಂದಿಗೂ ದುಡಿಯುತ್ತಿವೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಊರಿನ ಮೇಸ್ತ್ರಿಯೇ ಬಿಚ್ಚಿ ಕಟ್ಟಬಲ್ಲ ಯಂತ್ರ.

ಆದರೆ ರಿಪೇರಿ ಮಾಡಿಸಿದರೆ ವಾಪಸ್ ಬರುವುದು ಮೊದಲು ಇದ್ದದ್ದು ಮಾತ್ರ. ಆ ಕಾಲದಲ್ಲಿ ಯಂತ್ರದಲ್ಲಿ ಇಲ್ಲದೇ ಇದ್ದದ್ದನ್ನು ಬಣ್ಣವೂ ತಂದುಕೊಡದು, ಹೊಸ ಪಿಸ್ಟನ್ನೂ ತಂದುಕೊಡದು. ಅಂಥವುಗಳಲ್ಲಿ ಕೆಲವು ಓಡಿಸುವವನ ಜೀವಕ್ಕೆ ಸಂಬಂಧಿಸಿದವು.

ಮುಂದಿನ ಗಾಲಿ ಏಕೆ ಮೇಲೇಳುತ್ತದೆ?

ಶಿಳ್ಳೆ ಬಿದ್ದ ಆ ದೃಶ್ಯಕ್ಕೇ ಬರೋಣ. ಮುಂದಿನ ಗಾಲಿ ಎತ್ತುವುದು ಎಂಜಿನ್ ತಾಕತ್ತಿನ ಗುರುತು ಎಂದು ಬಹಳ ಜನ ನಂಬಿದ್ದಾರೆ. ನಿಜಕ್ಕೂ ಅದು ತೂಕ ಅಳತೆ ತಪ್ಪಿದ್ದರ ಗುರುತು.

ಎಂಜಿನ್ ಹಿಂದಿನ ಆಕ್ಸಲ್ಲನ್ನು ಮುಂದಕ್ಕೆ ತಿರುಗಿಸುತ್ತದೆ. ಗಾಲಿ ಉರುಳುತ್ತಿದ್ದರೆ ಟ್ರ್ಯಾಕ್ಟರ್ ಮುಂದೆ ಹೋಗುತ್ತದೆ. ಗಾಲಿ ಕೆಸರಲ್ಲಿ ಹೂತು ಅಲುಗಾಡದಿದ್ದರೆ? ಆ ತಿರುಚುವ ಬಲ ಎಲ್ಲಾದರೂ ಹೋಗಲೇಬೇಕಲ್ಲ. ಗಾಲಿ ತಿರುಗದಿದ್ದರೆ ಅದೇ ಬಲ ಟ್ರ್ಯಾಕ್ಟರ್‌ನ ಮೈಯನ್ನು ಆಕ್ಸಲ್ ಸುತ್ತ ಹಿಂದಕ್ಕೆ ತಿರುಗಿಸುತ್ತದೆ. ಮೂತಿ ಮೇಲೇಳುತ್ತದೆ. ಒಂದು ಹಂತ ದಾಟಿದ ಮೇಲೆ ಟ್ರ್ಯಾಕ್ಟರ್‌ನ ತೂಕವೇ ಅದನ್ನು ಹಿಂದಕ್ಕೆ ಕೆಡವುತ್ತದೆ, ಕುಳಿತವನ ಮೇಲೆ.

ಇದಕ್ಕೆ ಎಷ್ಟು ಹೊತ್ತು ಬೇಕು? ಅಮೆರಿಕದ ಕೃಷಿ ವಿಶ್ವವಿದ್ಯಾಲಯಗಳು ರೈತರಿಗೆ ಹೇಳಿಕೊಡುವ ಲೆಕ್ಕದ ಪ್ರಕಾರ, ಮೂತಿ ಏಳಲು ಶುರುವಾದ ಸುಮಾರು ಮುಕ್ಕಾಲು ಸೆಕೆಂಡಿಗೆ ಮರಳಿ ಬಾರದ ಹಂತ ಬರುತ್ತದೆ, ಒಂದೂವರೆ ಸೆಕೆಂಡಿನಲ್ಲಿ ಟ್ರ್ಯಾಕ್ಟರ್ ಪೂರ್ತಿ ಮಗುಚಿರುತ್ತದೆ. ಏನಾಗುತ್ತಿದೆ ಎಂದು ತಿಳಿದು ಕಾಲು ಕ್ಲಚ್ಚಿಗೆ ಹೋಗುವಷ್ಟರಲ್ಲಿ ಮುಕ್ಕಾಲು ಸೆಕೆಂಡು ಕಳೆದಿರುತ್ತದೆ. 'ನಾನು ಮೂವತ್ತು ವರ್ಷದಿಂದ ಓಡಿಸ್ತಿದೀನಿ, ಎತ್ತಿದ ಕೂಡಲೇ ಕ್ಲಚ್ ಹಾಕ್ತೀನಿ' ಎನ್ನುವವರ ಅನುಭವಕ್ಕೆ ನಮ್ಮ ಗೌರವವಿದೆ. ಆದರೆ ಈ ಲೆಕ್ಕದಲ್ಲಿ ಅನುಭವಕ್ಕೆ ಜಾಗ ಬಹಳ ಕಡಿಮೆ.

ಇಲ್ಲಿ ಸರಪಳಿ ಅಥವಾ ಟ್ರಾಲಿಯನ್ನು ಎಲ್ಲಿಗೆ ಸಿಕ್ಕಿಸಿದ್ದೀರಿ ಎಂಬುದು ಮುಖ್ಯ. ಡ್ರಾಬಾರ್ ಆಕ್ಸಲ್ಲಿಗಿಂತ ಕೆಳಗಿರುತ್ತದೆ. ಮೂತಿ ಸ್ವಲ್ಪ ಎದ್ದರೆ ಡ್ರಾಬಾರ್ ಇನ್ನೂ ಕೆಳಗಿಳಿಯುತ್ತದೆ, ಎಳೆತದ ಸನ್ನೆಬಲ ಕುಗ್ಗುತ್ತದೆ. ಅಂದರೆ ಅದು ತಾನೇ ತಾನಾಗಿ ಸ್ವಲ್ಪ ಹಿಡಿತ ತರುತ್ತದೆ. ಮರದ ಬೊಡ್ಡೆ ಕೀಳಲೆಂದು ಸರಪಳಿಯನ್ನು ಆಕ್ಸಲ್ಲಿಗೇ ಸುತ್ತಿದರೆ, ಅಥವಾ ಟಾಪ್ ಲಿಂಕ್ ಸಿಕ್ಕಿಸುವ ಎತ್ತರದ ಜಾಗಕ್ಕೆ ಕಟ್ಟಿದರೆ, ಆ ಹಿಡಿತ ಸಿಗುವುದಿಲ್ಲ. ಎಳೆದಷ್ಟೂ ಮೂತಿ ಏಳುತ್ತದೆ.

ಇದು ಹೊಸ ಸಮಸ್ಯೆಯೂ ಅಲ್ಲ. 1917ರಿಂದ ತಯಾರಾದ ಫೋರ್ಡ್‌ಸನ್ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದರಲ್ಲಿ ಹೆಸರು ಕೆಡಿಸಿಕೊಂಡಿತ್ತು. ಹಿಂದೆ ಎಳೆದುಕೊಂಡು ಹೋಗುವ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಮೂತಿ ಆಕಾಶ ನೋಡುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಇದಕ್ಕೆ ಉಪಾಯ ಹುಡುಕಿದರು. ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್, ಜೊತೆಗೆ ಹೈಡ್ರಾಲಿಕ್. ಉಳುವಾಗ ನೇಗಿಲು ಟಾಪ್ ಲಿಂಕನ್ನು ಮುಂದಕ್ಕೆ ಒತ್ತುತ್ತದೆ, ಆ ಒತ್ತಡ ಮೂತಿಯನ್ನು ಕೆಳಗೆ ಹಿಡಿಯುತ್ತದೆ. ನೆಲ ಗಟ್ಟಿಯಾದರೆ ಹೈಡ್ರಾಲಿಕ್ ನೇಗಿಲನ್ನು ತುಸು ಎತ್ತುತ್ತದೆ. ಇಂದು ನಾವು ನೋಡುವ ಟ್ರ್ಯಾಕ್ಟರ್‌ಗಳ ಹಿಂದೆಲ್ಲ ಇರುವುದು ಇದೇ ಮೂರು ಕೊಂಡಿಯ ಏರ್ಪಾಡು. ಹಾಗಾಗಿ ಹೈಡ್ರಾಲಿಕ್ ಸರಿಯಿದ್ದು, ಮೂರು ಕೊಂಡಿಗೆ ಜೋಡಿಸಿದ ಕಲ್ಟಿವೇಟರ್ ಅಥವಾ ನೇಗಿಲು ಹಾಕಿ ಸಮತಟ್ಟು ಹೊಲ ಉಳುವುದಾದರೆ ಅಜ್ಜನ ಟ್ರ್ಯಾಕ್ಟರ್ ಹೆಚ್ಚು ಕಾಟ ಕೊಡದು. ಸರಪಳಿ ಕಟ್ಟಿ ಎಳೆಯುವಾಗ, ಭಾರದ ಟ್ರಾಲಿಯನ್ನು ದಿಬ್ಬ ಹತ್ತಿಸುವಾಗ ಈ ರಕ್ಷಣೆ ಸಿಗುವುದಿಲ್ಲ.

ಹಿಂದಿನ ಟೈರಿಗೆ ನೀರು ತುಂಬಿಸಿದರೆ ಎಳೆತ ಹೆಚ್ಚುತ್ತದೆ ಎಂಬ ಫಾರ್ವರ್ಡ್ ಕೂಡ ಅರ್ಧ ನಿಜ. ಹಿಡಿತ ಹೆಚ್ಚುವುದು ಹೌದು. ಆದರೆ ಹಗುರವಾದ ಟ್ರ್ಯಾಕ್ಟರ್‌ನಲ್ಲಿ ಗಾಲಿ ಜಾರುವುದೇ ಒಂದು ಎಚ್ಚರಿಕೆ. ಜಾರುವುದು ನಿಂತರೆ ಬಲವೆಲ್ಲ ಮೂತಿ ಎತ್ತುವುದಕ್ಕೆ ಹೋಗಬಹುದು. ಹಿಂದೆ ತೂಕ ಹಾಕಿದವರು ಮುಂದೆಯೂ ತೂಕದ ಬಿಲ್ಲೆ ಹಾಕಿಸಬೇಕು.

ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದ್ದು. ಗದ್ದೆಯಲ್ಲಿ ಹೂತುಹೋದಾಗ ಹಿಂದಿನ ಗಾಲಿಗೆ ಮರದ ತುಂಡು ಕಟ್ಟಿ ಮುಂದಕ್ಕೆ ಎಳೆಸುವುದು. ತುಂಡು ನೆಲಕ್ಕೆ ಕಚ್ಚಿ ಗಾಲಿ ನಿಂತರೆ ತಿರುಗುವುದು ಟ್ರ್ಯಾಕ್ಟರ್ ಮೈ. ರಿವರ್ಸ್ ಹಾಕಿ ಹೊರಬರಲು ನೋಡುವುದು ವಾಸಿ, ಏಕೆಂದರೆ ಆಗ ತಿರುಚುವ ಬಲ ಮೂತಿಯನ್ನು ನೆಲಕ್ಕೇ ಒತ್ತುತ್ತದೆ. ಅದೂ ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ.

ತಲೆಯ ಮೇಲಿನ ಹುಡ್ ಕಾಪಾಡುತ್ತದೆಯೇ?

ಇಲ್ಲ. ಬಿಸಿಲಿಗೆಂದು ಹಾಕಿಸುವ ತಗಡಿನ ಅಥವಾ ಫೈಬರಿನ ಹುಡ್ ನೆರಳು ಕೊಡುತ್ತದೆ, ಅಷ್ಟೇ. ಒಂದೂವರೆ ಟನ್ನಿಗೂ ಮೀರಿದ ಕಬ್ಬಿಣ ಮೇಲೆ ಬಿದ್ದಾಗ ಅದು ಹಪ್ಪಳ. ಕಾಪಾಡುವುದು ರೋಲ್ ಬಾರ್, ಅಂದರೆ ಚಾಲಕನ ಹಿಂದೆ ಆಕ್ಸಲ್ ಹೌಸಿಂಗಿಗೆ ಬೋಲ್ಟ್ ಮಾಡಿದ, ಪರೀಕ್ಷೆ ಪಾಸಾದ ಉಕ್ಕಿನ ಚೌಕಟ್ಟು. ಸ್ವೀಡನ್ 1959ರಿಂದ ಹೊಸ ಟ್ರ್ಯಾಕ್ಟರ್‌ಗಳಿಗೆ ಇದನ್ನು ಕಡ್ಡಾಯ ಮಾಡಿತು, ಮುಂದೆ ಹಳೆಯವಕ್ಕೂ ಹಾಕಿಸಿತು. ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ತೀರಾ ಇಳಿದುಹೋಯಿತು. ನಮ್ಮಲ್ಲಿ ದುಡಿಯುತ್ತಿರುವ ಹಳೇ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಇದು ಇಲ್ಲವೇ ಇಲ್ಲ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿ ಮಡ್‌ಗಾರ್ಡಿಗೆ ಬೆಸುಗೆ ಹಾಕಿಸುವವರಿದ್ದಾರೆ. ನೋಡಲು ಹಾಗೇ ಇರುತ್ತದೆ. ಬಿದ್ದಾಗ ಮಡ್‌ಗಾರ್ಡ್ ಸಮೇತ ಕಿತ್ತು ಬರುತ್ತದೆ. ನಿಮ್ಮ ಮಾಡೆಲ್ಲಿಗೆ ಹೊಂದುವ ರೋಲ್ ಬಾರ್ ಸಿಗುತ್ತದೆಯೇ ಎಂದು ಡೀಲರ್ ಬಳಿ ಕೇಳಿ. ರೋಲ್ ಬಾರ್ ಇದ್ದರೆ ಸೀಟ್ ಬೆಲ್ಟ್ ಹಾಕಲೇಬೇಕು. ಅದಿಲ್ಲದ ಟ್ರ್ಯಾಕ್ಟರ್‌ಗೆ ಬರೀ ಬೆಲ್ಟ್ ಹಾಕಿಸಬೇಡಿ, ಮಗುಚಿದಾಗ ಹೊರಗೆ ಹಾರುವ ಅವಕಾಶವೂ ಹೋಗುತ್ತದೆ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುವ ಬಗ್ಗೆ ಬೇರೆ ಹೇಳಬೇಕೇ? ಆದರೂ ಹೇಳುತ್ತೇವೆ: ಬೇಡ.

ಕ್ಲಚ್ ಒತ್ತಿದರೂ ನಿಲ್ಲದ ಟ್ರ್ಯಾಕ್ಟರ್

ರಿಪೇರಿ ಮುಗಿಸಿ ಮೊದಲ ಸಲ ಪಿಟಿಒಗೆ ಯಂತ್ರ ಜೋಡಿಸಿದವರು ಗಾಬರಿಯಾಗುವುದು ಇಲ್ಲಿ. ಬಹಳ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಗಾಲಿಗೂ ಪಿಟಿಒಗೂ ಒಂದೇ ಕ್ಲಚ್, ಎರಡೂ ಒಂದೇ ಗೇರ್‌ಬಾಕ್ಸಿನ ಮೂಲಕ ನಡೆಯುತ್ತವೆ. ಕ್ಲಚ್ ಒತ್ತಿದಾಗ ಎಂಜಿನ್ ಬೇರೆಯಾಗುತ್ತದೆ, ಸರಿ. ಆದರೆ ಹಿಂದೆ ಜೋರಾಗಿ ತಿರುಗುತ್ತಿರುವ ಭಾರದ ಯಂತ್ರ ತನ್ನ ವೇಗವನ್ನು ಶಾಫ್ಟ್ ಮೂಲಕ ವಾಪಸ್ ಗೇರ್‌ಬಾಕ್ಸಿಗೆ ಕಳಿಸಿ ಗಾಲಿಯನ್ನು ತಳ್ಳುತ್ತದೆ. ಬದು ಎದುರಿಗಿದೆ, ಕ್ಲಚ್ ಪೂರ್ತಿ ಒಳಗಿದೆ, ಟ್ರ್ಯಾಕ್ಟರ್ ಮಾತ್ರ ಮುಂದೆ ಹೋಗುತ್ತಲೇ ಇದೆ. ಇದು ಕ್ಲಚ್ ಪ್ಲೇಟ್ ಕೆಟ್ಟದ್ದಲ್ಲ. ಒಂದೇ ದಿಕ್ಕಿಗೆ ಬಲ ಕೊಡುವ ಓವರ್‌ರನ್ನಿಂಗ್ ಕ್ಲಚ್ ಎಂಬ ಸಣ್ಣ ಸಾಧನವನ್ನು ಪಿಟಿಒ ತುದಿಗೆ ಹಾಕಿಸಿದರೆ ತೀರುತ್ತದೆ. ಡ್ಯುಯಲ್ ಕ್ಲಚ್ ಇರುವ ಮಾಡೆಲ್‌ಗಳಲ್ಲಿ ಗಾಲಿ ಮೊದಲು ಬಿಡುತ್ತದೆ, ಪೆಡಲ್ ಪೂರ್ತಿ ಒತ್ತಿದರೆ ಪಿಟಿಒ ಬಿಡುತ್ತದೆ. ನಿಮ್ಮದು ಯಾವುದು ಎಂದು ಮೇಸ್ತ್ರಿಯನ್ನು ಕೇಳಿಯೇ ಹೊಲಕ್ಕೆ ಹೋಗಿ.

ಆ ಶಾಫ್ಟಿನ ಮೇಲೆ ಕವರ್ ಇರಬೇಕು. ರಿಪೇರಿಯಾದ ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಅದಿರುವುದಿಲ್ಲ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸೆಕೆಂಡಿಗೆ 9. ಶಾಫ್ಟ್ 7 ಸೆಂಟಿಮೀಟರ್ ದಪ್ಪವಿದ್ದರೆ ಸೆಕೆಂಡಿಗೆ ಹೆಚ್ಚೂಕಡಿಮೆ 2 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್, ಪಂಚೆಯ ತುದಿ, ಸೀರೆಯ ಸೆರಗು, ಯಾವುದಾದರೂ ಆಗಬಹುದು. ಕೈಬಿಡಲು ಪುರುಸೊತ್ತಿಲ್ಲ.

ಸ್ಟಾರ್ಟ್ ಮಾಡುವಾಗಲೂ ಜೀವ ಹೋದದ್ದಿದೆ. ಕೀ ಕೆಲಸ ಮಾಡದಿದ್ದರೆ ನೆಲದಲ್ಲಿ ನಿಂತು ಸ್ಟಾರ್ಟರ್‌ನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡುವ ಅಭ್ಯಾಸ ನಮ್ಮ ಕಡೆ ಇದೆ. ಗೇರಿನಲ್ಲಿದ್ದರೆ ಗಾಡಿ ನೆಗೆಯುತ್ತದೆ, ನೀವು ನಿಂತಿರುವುದು ಹಿಂದಿನ ಗಾಲಿಯ ಎದುರಿಗೇ. ಅರ್ಧ ದಿನದ ವೈರಿಂಗ್ ಕೆಲಸಕ್ಕೆ ಜಿಪುಣತನ ಬೇಡ.

ಈಗಿನ ಡೀಸೆಲ್ ಹಳೇ ಪಂಪನ್ನು ತಿಂದುಹಾಕುತ್ತದೆಯೇ?

ಇದೂ ಓಡಾಡುವ ಮಾತು. 2020ರ ಏಪ್ರಿಲ್‌ನಿಂದ ದೇಶದಲ್ಲಿ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಗಂಧಕ ತೆಗೆಯುವಾಗ ಡೀಸೆಲ್‌ನ ಜಾರುಗುಣ ಕಡಿಮೆಯಾಗುವುದು ನಿಜ. ಆದ್ದರಿಂದಲೇ ಅದನ್ನು ಸರಿದೂಗಿಸುವ ರಾಸಾಯನಿಕ ಸೇರಿಸುತ್ತಾರೆ, ಜಾರುಗುಣಕ್ಕೂ ಮಾನದಂಡವಿದೆ. ಬಂಕಿನ ಡೀಸೆಲ್‌ಗೆ ನೀವು ಎಂಜಿನ್ ಆಯಿಲ್ ಬೆರೆಸಬೇಕಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕೈಕೊಡುವುದು ಒಣಗಿದ ರಬ್ಬರ್ ಸೀಲು, ಟ್ಯಾಂಕಿನ ತುಕ್ಕು, ಡೀಸೆಲ್‌ನಲ್ಲಿ ಸೇರಿದ ನೀರು. ಆಯಿಲ್ ಬಾತ್ ಏರ್ ಕ್ಲೀನರ್ ಬಗ್ಗೆ ಮಾತ್ರ ಹುಷಾರು: ಗುರುತಿನ ಗೆರೆಗಿಂತ ಮೇಲೆ ಆಯಿಲ್ ಹಾಕಿದರೆ ಎಂಜಿನ್ ಆ ಆಯಿಲ್ಲನ್ನೇ ಹೀರಿ ಉರಿಸುತ್ತ, ಸ್ಟಾಪ್ ವೈರ್ ಎಳೆದರೂ ನಿಲ್ಲದೆ ಓಡಬಹುದು.

ಬ್ರೇಕಿನ ಮಾತು. ಹಳೆಯವಲ್ಲಿ ಇರುವುದು ಒಣ ಬ್ರೇಕು, ಕೆಸರು ನೀರು ಹೊಕ್ಕರೆ ಹಿಡಿಯದು. ಎಡ ಬಲ ಪೆಡಲ್‌ಗಳನ್ನು ರಸ್ತೆಗೆ ಬರುವ ಮೊದಲು ಲಾಕ್ ಹಾಕಿ ಒಂದು ಮಾಡಬೇಕು, ಇಲ್ಲದಿದ್ದರೆ ವೇಗದಲ್ಲಿ ಒಂದೇ ಗಾಲಿ ಹಿಡಿದು ಗಾಡಿ ಪಲ್ಟಿ. ಟ್ರಾಲಿಗೆ ಬ್ರೇಕ್ ಇರುವುದು ಅಪರೂಪ, ಇಳಿಜಾರಿನಲ್ಲಿ ನಾಲ್ಕೈದು ಟನ್ ಕಬ್ಬು ಹಿಂದಿನಿಂದ ತಳ್ಳಿದರೆ 25 ಅಶ್ವಶಕ್ತಿಯ ಗಾಡಿ ಏನೂ ಮಾಡಲಾಗದು. ಕಬ್ಬು ಸಾಗಣೆಯನ್ನು ದೊಡ್ಡ ಗಾಡಿಗೆ ಬಿಡಿ. ಕುಂಟೆ, ಕೂರಿಗೆ, ಐದು ಹಲ್ಲಿನ ಕಲ್ಟಿವೇಟರ್, ಹುಲ್ಲು ಸಾಗಿಸುವ ಸಣ್ಣ ಟ್ರಾಲಿ, ಇಂಥ ಕೆಲಸ ಅಜ್ಜನ ಗಾಡಿಗೆ ಸಾಕು.

ಹೊಲಕ್ಕಿಳಿಸುವ ಮೊದಲ ದಿನ ಹಿಂದೆ ಏನನ್ನೂ ಕಟ್ಟದೆ, ಒಣ ನೆಲದಲ್ಲಿ, ಕಡಿಮೆ ಗೇರಿನಲ್ಲಿ ಒಂದು ಗಂಟೆ ಓಡಿಸಿ. ಬ್ರೇಕ್ ಎರಡೂ ಕಡೆ ಸಮ ಹಿಡಿಯುತ್ತದೆಯೇ, ಸ್ಟಾಪ್ ವೈರ್ ಎಳೆದ ತಕ್ಷಣ ಎಂಜಿನ್ ನಿಲ್ಲುತ್ತದೆಯೇ, ಟೈರಿನ ಪಕ್ಕದಲ್ಲಿ ಬಿರುಕಿದೆಯೇ ನೋಡಿ. ಮರುದಿನ ಕಲ್ಟಿವೇಟರ್ ಹಾಕಿ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾದರೆ ಮುಂದಿನ ಗಾಲಿ ನೆಲ ಬಿಡುತ್ತಿದೆ ಎಂದರ್ಥ. ಆಗ ಎಕ್ಸಲರೇಟರ್ ಇಳಿಸಿ, ಕ್ಲಚ್ ಒತ್ತಿ, ಕಲ್ಟಿವೇಟರ್ ಎತ್ತಿ.