ಮಣ್ಣಿಗೆ ಚುಚ್ಚುವ ಮಾಪಕವನ್ನು ನಂಬಬಹುದೇ?

ಮಣ್ಣಿಗೆ ಚುಚ್ಚಿದೊಡನೆ ರಸಸಾರ (ಪಿ.ಎಚ್.) ತೋರಿಸುವ ಅಗ್ಗದ ಕಡ್ಡಿಗಳು ಈಗ ಪೇಟೆಯಲ್ಲಿ ಸಿಗುತ್ತಿವೆ. ಬ್ಯಾಟರಿಯೂ ಬೇಡ, ಪ್ರಯೋಗಶಾಲೆಯೂ ಬೇಡ ಎಂಬುದು ಮಾರುವವರ ಮಾತು. ಬ್ಯಾಟರಿ ಬೇಡವೆಂಬುದೇ ಅದರ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಅದರ ಮುಳ್ಳನ್ನು ನೋಡಿ ರೈತ ಬಾಂಧವರು ಒಂದು ಚೀಲ ಸುಣ್ಣವನ್ನಾಗಲಿ ಜಿಪ್ಸಂ ಅನ್ನಾಗಲಿ ಹೊಲಕ್ಕೆ ಹಾಕಬಾರದು.

ಪ್ರಯೋಗಶಾಲೆಯ ಮಾಪಕದಲ್ಲಿ ತೆಳು ಗಾಜಿನ ಬುರುಡೆಯುಳ್ಳ ಎಲೆಕ್ಟ್ರೋಡ್ ಇರುತ್ತದೆ. ರಸಸಾರ ಒಂದು ಅಂಶ ಏರಿಳಿದರೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಕೊಡುವ ವಿದ್ಯುತ್ ಒತ್ತಡ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಇದು ಟಾರ್ಚ್ ಸೆಲ್ಲಿನ ಒತ್ತಡದ ಇಪ್ಪತ್ತೈದರಲ್ಲಿ ಒಂದು ಪಾಲು. ಸಾಲದ್ದಕ್ಕೆ ಗಾಜು ಒಡ್ಡುವ ತಡೆ ಹಲವು ಕೋಟಿ ಓಮ್. ಸಾಧಾರಣ ವೋಲ್ಟ್ ಮಾಪಕ ಜೋಡಿಸಿದರೆ ಅದು ಎಳೆದುಕೊಳ್ಳುವ ಅಲ್ಪ ವಿದ್ಯುತ್ತಿಗೇ ಒತ್ತಡ ಕುಸಿಯುತ್ತದೆ. ಒರತೆ ಕಡಿಮೆಯಿರುವ ಬಾವಿಯ ನೀರಿನ ಮಟ್ಟ ತಿಳಿಯಲು ಯಾರೂ ಪಂಪು ಹಚ್ಚುವುದಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡುತ್ತಾರೆ. ಹಾಗೆ ವಿದ್ಯುತ್ತನ್ನು ಎಳೆಯದೆ ಒತ್ತಡವನ್ನಷ್ಟೇ ಗ್ರಹಿಸಿ ಹಿಗ್ಗಿಸುವ ವರ್ಧಕ ಮಂಡಲ ನಡುವೆ ಇರಲೇಬೇಕು. ಅದಕ್ಕೇ ಬ್ಯಾಟರಿ.

ಈ ತೊಡಕು ಬಗೆಹರಿದದ್ದೂ ತೋಟಗಾರರ ಕೆಲಸದಿಂದಲೇ. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಂಸ್ಥೆಯ ರಸಾಯನತಜ್ಞರಿಗೆ ನಿಂಬೆರಸದ ಹುಳಿಯನ್ನು ಅಳೆಯಬೇಕಾಗಿತ್ತು. ರಸದಲ್ಲಿದ್ದ ಗಂಧಕದ ಡೈಆಕ್ಸೈಡ್ ಲಿಟ್ಮಸ್ ಬಣ್ಣವನ್ನೇ ಕೆಡಿಸುತ್ತಿತ್ತು. ಆಗ ಅರ್ನಾಲ್ಡ್ ಬೆಕ್‌ಮನ್ ಎಂಬುವರು ನಿರ್ವಾತ ನಳಿಗೆಗಳ ವರ್ಧಕವನ್ನು ಗಾಜಿನ ಎಲೆಕ್ಟ್ರೋಡಿಗೆ ಜೋಡಿಸಿ ಕೊಟ್ಟರು. ಈಗ ನಳಿಗೆಯ ಜಾಗದಲ್ಲಿ ಉಗುರಿನಷ್ಟು ಚಿಪ್ ಇದೆ, ಅಷ್ಟೇ.

ಬ್ಯಾಟರಿಯಿಲ್ಲದ ಕಡ್ಡಿಯಲ್ಲಿ ಗಾಜಿಲ್ಲ, ವರ್ಧಕವೂ ಇಲ್ಲ. ಎರಡು ಬಗೆಯ ಲೋಹಗಳು ಹಸಿಮಣ್ಣಿನಲ್ಲಿ ಸೆಲ್ಲಿನಂತೆ ವರ್ತಿಸಿ ಮುಳ್ಳನ್ನು ನೇರವಾಗಿ ತಳ್ಳುತ್ತವೆ. ಹುಳಿಯ ಪ್ರಭಾವ ಅದರಲ್ಲಿ ಇಲ್ಲವೆಂದಲ್ಲ. ಆದರೆ ತೇವ, ಲವಣ, ಲೋಹದ ಮೇಲಿನ ಕಿಲುಬು ಎಲ್ಲವೂ ಅದರೊಡನೆ ಸೇರಿಕೊಳ್ಳುತ್ತವೆ. ತುಂಗಭದ್ರಾ ಅಚ್ಚುಕಟ್ಟಿನ ಚೌಳು ಭೂಮಿಯಲ್ಲಿ ಮುಳ್ಳು ತೋರುವುದು ಕ್ಷಾರವನ್ನೋ ಉಪ್ಪನ್ನೋ ಹೇಳುವವರು ಯಾರು? ಮಲೆನಾಡಿನಲ್ಲಿ ಅದನ್ನು ನಂಬಿ ಬೇಕಿಲ್ಲದ ಕಡೆ ಸುಣ್ಣ ಸುರಿದರೆ, ಹಣದ ಜೊತೆಗೆ ಸತು, ಕಬ್ಬಿಣಗಳು ಬೆಳೆಗೆ ದಕ್ಕುವುದೂ ಕಡಿಮೆಯಾಗುತ್ತದೆ.

ಹಾಗೆಂದು ಸಣ್ಣ ಉಪಕರಣಗಳೆಲ್ಲ ತಿರಸ್ಕಾರಯೋಗ್ಯವಲ್ಲ. ಗಾಜಿನ ಬುರುಡೆಯುಳ್ಳ, ಬ್ಯಾಟರಿಯಿಂದ ನಡೆಯುವ ಪೆನ್ ಆಕಾರದ ಮಾಪಕಗಳು ಸರಿಯಾಗಿ ನೋಡಿಕೊಂಡರೆ ಉಪಯುಕ್ತ. ಮನೆಗೊಂದು ಕಡ್ಡಿ ಕೊಳ್ಳುವ ಬದಲು ಊರಿನ ಸಹಕಾರ ಸಂಘ ಇಂಥದೊಂದನ್ನು ಇಟ್ಟುಕೊಳ್ಳುವುದು ಮೇಲು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಶುದ್ಧ ನೀರು ಬೆರೆಸಿ ಅಳೆಯಬೇಕು. ಅದಕ್ಕೆ ಮೊದಲು 7ರ ಬಫರ್ ದ್ರಾವಣದಲ್ಲಿಯೂ, ಮಣ್ಣಿಗೆ ತಕ್ಕಂತೆ 4 ಅಥವಾ 9.2ರ ದ್ರಾವಣದಲ್ಲಿಯೂ ಅದ್ದಿ ಸರಿಹೊಂದಿಸಬೇಕು. ಗಾಜು ಹಳತಾದಂತೆ ಆ 59 ಮಿಲಿವೋಲ್ಟ್ ಇಳಿಯುತ್ತ ಬರುತ್ತದೆ. ಉಷ್ಣತೆಯೂ ಅದನ್ನು ಬದಲಿಸುತ್ತದೆ; 40 ಡಿಗ್ರಿಯಲ್ಲಿ ಅದು 62ರಷ್ಟು. ಆದ್ದರಿಂದ ಉಷ್ಣತೆಗೆ ತಾನಾಗಿ ಹೊಂದಿಕೊಳ್ಳುವ ಮಂಡಲ ಇದೆಯೇ, ಬಫರ್ ಪುಡಿ ಜೊತೆಗೆ ಕೊಡುತ್ತೀರಾ, ಎಲೆಕ್ಟ್ರೋಡ್ ಬೇರೆಯಾಗಿ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಹಣ ಕೊಡುವ ಮೊದಲೇ ಕೇಳಿರಿ.