ಕಳೆ ಅಂದ್ರೆ ಯಾವುದು ಸ್ವಾಮಿ?

ಮೊನ್ನೆ ಶನಿವಾರ ಬಂಗಾರಪೇಟೆಗೆ ಹೋಗಿದ್ದೆ. ಪಕ್ಕದ ಮನೆ ಅಂಕಲ್ ಹೊಸ ಲಾನಿಗೆ "ಕಳೆ ಔಷಧಿ" ಹೊಡೀತಿದ್ರು. ಗ್ಲೈಫೋಸೇಟ್! ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ. ಅದಕ್ಕೆ ಕಳೆ ಯಾವುದು, ಲಾನ್ ಯಾವುದು ಗೊತ್ತಾಗಲ್ಲ, ಹಸಿರೆಲೆ ಮೇಲೆ ಬಿದ್ರೆ ಎರಡನ್ನೂ ಒಣಗಿಸುತ್ತೆ.

"ಯಾವ ಕಳೆ ಅಂಕಲ್?" ಅಂದೆ. ತೋರಿಸಿದ್ದು ಗರಿಕೆ, ಅಣ್ಣೆಸೊಪ್ಪು, ಗೋಣಿಸೊಪ್ಪು! ಗರಿಕೆಯನ್ನೇ ಬರ್ಮುಡಾ ಗ್ರಾಸ್ ಅಂತ ಲಾನಿಗೆ ಮಾರ್ತಾರೆ. ಉಳಿದೆರಡು ನಮ್ಮ ಕೋಲಾರದ ಬೆರಕೆ ಸೊಪ್ಪಿನ ಸಾರಿಗೆ ಬೀಳೋವು. ಅಮ್ಮ ಪ್ರತಿ ಮಳೆಗಾಲ ಆ ಬೇಲಿ ಪಕ್ಕದಲ್ಲೇ ಸೊಪ್ಪು ಕಿತ್ತು ತರ್ತಿದ್ಲು. ಈ ಸಲ ನಾನೇ ಬೇಡ ಅಂದೆ. ನನ್ನ ಸಿಟ್ಟು ಇದಕ್ಕೇ.

ಕೆಜಿಎಫ್‌ನಲ್ಲಿ ದೊರೆಗಳ ಬಂಗಲೆ ಮುಂದೆ ಲಾನ್ ಇತ್ತು, ನಿಜ. ಊರಿಗೆ ಬೇತಮಂಗಲದಿಂದ ನೀರೂ ಬರ್ತಿತ್ತು. ಗಣಿ 2001ರಲ್ಲೇ ಮುಚ್ಚಿತು, ದೊರೆಗಳ ಶೋಕಿ ಮಾತ್ರ ನಮಗೆ ಅಂಟಿಕೊಂಡಿದೆ. ವರ್ಷಪೂರ್ತಿ ಹರಿಯೋ ಒಂದು ನದಿಯೂ ಇಲ್ಲದ ಜಿಲ್ಲೆ ಕಣ್ರೀ ನಮ್ಮದು!

ಲಾನ್ ಬೇಕೇ ಬೇಕಾ? ಸರಿ. ಮಳೆ ಬಂದ ಮಾರನೇ ದಿನ ನೆಲ ಮೆತ್ತಗಿರುತ್ತೆ, ಬೀಜ ಕಟ್ಟೋ ಮುಂಚೆ ಬೇರು ಸಮೇತ ಕೀಳಿ. ಜೇಕನ್ನ ಗಡ್ಡೆ ಸಮೇತ ಅಗೀರಿ, ಬರೀ ಎಲೆ ಕಿತ್ರೆ ಮತ್ತೆ ಚಿಗುರುತ್ತೆ. ಪಾರ್ಥೇನಿಯಂ ಆದ್ರೆ ಹೂ ಬಿಡೋ ಮುಂಚೆ, ಗ್ಲೌಸ್ ಹಾಕ್ಕೊಂಡು ಕೀಳಿ. ಹುಲ್ಲನ್ನ ತೀರಾ ನುಣ್ಣಗೆ ಕತ್ತರಿಸಬೇಡಿ, ಬಿಸಿಲು ನೆಲಕ್ಕೆ ಬಿದ್ದಷ್ಟೂ ಕಳೆ ಹುಟ್ಟುತ್ತೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಗ್ಗಿದ್ರೆ ಸಾಕು, ಜಿಮ್ ಖರ್ಚೂ ಉಳಿಯುತ್ತೆ.

ನೋಡ್ತಿರಿ, ಗಣೇಶನ ಹಬ್ಬಕ್ಕೆ ಇದೇ ಅಂಕಲ್ ಮಾರ್ಕೆಟ್ಟಲ್ಲಿ ದುಡ್ಡು ಕೊಟ್ಟು ಗರಿಕೆ ತರ್ತಾರೆ :)